ಕುಂಡದ ಮಣ್ಣೂ ಬೂಷ್ಟು ನೊರಜೂ



ಸಂಜೆ ದೀಪದ ಕೆಳಗೆ ಓದುತ್ತ ಕುಳಿತಿರುವಾಗ ಪುಸ್ತಕದ ಪುಟದ ಮೇಲೆ ಎಳ್ಳಿಗಿಂತಲೂ ಸಣ್ಣದಾದ ಒಂದು ಕಪ್ಪು ಹುಳು ಬಂದು ಕೂಡುತ್ತದೆ. ಊದಿದರೆ ಹಾರುತ್ತದೆ, ಆದರೆ ದೂರ ಹೋಗುವುದಿಲ್ಲ. ಮತ್ತೊಂದು ಕನ್ನಡಕದ ಗಾಜಿನ ಮೇಲೆ ಕೂಡುತ್ತದೆ. ಮೂರನೆಯದು ಚಹದ ಬಟ್ಟಲಿನಲ್ಲಿ ಬಿದ್ದು ಪ್ರಾಣ ಬಿಡುತ್ತದೆ. ಮನೆಯವರು ಹಣ್ಣಿನ ಬುಟ್ಟಿಯನ್ನು ಶೋಧಿಸುವರು, ಮೋರಿಗೆ ಬಿಸಿನೀರು ಹೊಯ್ಯುವರು, ಕಿಟಕಿಗೆ ಜಾಳಿಗೆ ಹೊಡೆಸುವರು. ಹುಳುಗಳು ಮಾತ್ರ ಕಡಮೆಯಾಗವು. ಕಡೆಗೆ ಒಂದು ದಿನ ಕಿಟಕಿಯ ಬಳಿಯ ಕುಂಡಕ್ಕೆ ನೀರು ಹಾಕುವಾಗ ಮಣ್ಣಿನಿಂದ ಹತ್ತಿಪ್ಪತ್ತು ಹುಳುಗಳು ಒಮ್ಮೆಗೇ ಮೇಲೆದ್ದಾಗ, ಇವುಗಳ ತವರು ಯಾವುದೆಂಬುದು ತಿಳಿದುಬರುತ್ತದೆ. ಯಾದಗಿರಿ, ಶಹಾಪುರ, ಸುರಪುರಗಳಲ್ಲಿ ನಾನು ಹೋಗಿಬರುವ ಹಲವು ಮನೆಗಳಲ್ಲಿ ಈಚೆಗೆ ಇದನ್ನು ಕಂಡಿದ್ದೇನೆ. ಗಿಡಗಳನ್ನು ಮನೆಯೊಳಗೆ ಇಟ್ಟುಕೊಳ್ಳುವ ಅಭಿರುಚಿ ಹೆಚ್ಚಿದಂತೆ ಈ ಅತಿಥಿಯ ಪರಿಚಯವೂ ಹೆಚ್ಚುತ್ತಿದೆ.

ಇದಕ್ಕೆ ಕನ್ನಡದಲ್ಲಿ ನಿಷ್ಕೃಷ್ಟವಾದ ಹೆಸರೊಂದು ರೂಢಿಗೆ ಬಂದಂತೆ ಕಾಣೆ. ನಮ್ಮ ಸೀಮೆಯ ಆಡುಮಾತಿನಲ್ಲಿ ಸಣ್ಣ ಹಾರುಹುಳುವಿಗೆಲ್ಲ ಗುಂಗಾಡಿ ಎಂದೋ ನುಸಿ ಎಂದೋ ಹೇಳಿ ಮುಗಿಸಿಬಿಡುವುದುಂಟು. ಇಂಗ್ಲಿಷಿನವರು ‘ಫಂಗಸ್ ನ್ಯಾಟ್’ ಎನ್ನುವರು; ಬೂಷ್ಟನ್ನು ತಿಂದು ಬದುಕುವ ನೊರಜು ಎಂಬುದು ಅದರ ಅರ್ಥ. ಆದುದರಿಂದ ನಾನು ಬೂಷ್ಟು ನೊರಜು ಎಂದೇ ಕರೆಯುವೆನು. ಇದಕ್ಕಿಂತ ಚೆನ್ನಾದ ಹೆಸರು ತಿಳಿದವರು ಅದನ್ನು ಬಳಸಲಿ, ನನ್ನ ಅಡ್ಡಿಯಿಲ್ಲ. ಶಾಸ್ತ್ರಜ್ಞರು ಇದನ್ನು ಸಿಯಾರಿಡೇ ಎಂಬ ಕುಟುಂಬಕ್ಕೆ ಸೇರಿಸಿದ್ದಾರೆ. ಕುಂಡಗಳಲ್ಲಿ ಸಾಮಾನ್ಯವಾಗಿ ಕಾಣುವವು ಬ್ರಾಡಿಸಿಯಾ ಎಂಬ ಕುಲದವು.

ಇಷ್ಟು ಅಲ್ಪವಾದ ಪ್ರಾಣಿಯನ್ನು ಕುರಿತು ಒಂದು ಉಪನ್ಯಾಸವೇ ಎಂದು ಕೆಲವರು ನಗಬಹುದು. ನಾನೂ ನಗುತ್ತಿದ್ದೆ. ನಗು ನಿಂತುದು ನನ್ನ ಅಕ್ಕನ ಮನೆಯಲ್ಲಿ.

ಅಕ್ಕನ ಅತ್ತೆಯವರ ಊರು ನಾರಾಯಣಪುರದ ಅಣೆಕಟ್ಟಿನ ಹಿನ್ನೀರಿಗೆ ಹೋಯಿತು. ಕೃಷ್ಣೆಗೆ ಅಡ್ಡಲಾಗಿ ಕಟ್ಟಿದ ಆ ಅಣೆ 1982ರಲ್ಲಿ ಪೂರ್ಣವಾಯಿತು. ಊರು ಬಿಡುವಾಗ ಬಂಡಿಯಲ್ಲಿ ಹೇರಿದ ಸಾಮಾನುಗಳ ನಡುವೆ ಆಕೆ ಒಂದು ಹಳೆಯ ಕೊಡದಲ್ಲಿ ಅಂಗಳದ ದುಂಡುಮಲ್ಲಿಗೆಯ ಬೇರುಸಹಿತವಾದ ಒಂದು ಟೊಂಗೆಯನ್ನು ಇಟ್ಟುಕೊಂಡು ಸುರಪುರಕ್ಕೆ ಬಂದರು. ಅಲ್ಲಿ ಕೊಂಡ ಮನೆಯ ಹಿತ್ತಿಲಲ್ಲಿ ಅದು ನಾಲ್ವತ್ತು ವರ್ಷ ಬೆಳೆದು ದೊಡ್ಡ ಪೊದೆಯಾಯಿತು. ಈಗ ಮಗನಿಗೆ ಯಾದಗಿರಿಯಲ್ಲಿ ಉದ್ಯೋಗ, ಮೂರನೆಯ ಅಂತಸ್ತಿನಲ್ಲಿ ವಾಸ. ಸುರಪುರದ ಮನೆಯನ್ನು ಮಾರಿಯಾಗಿತ್ತು. ದಸರೆಯ ತರುವಾಯ ಬಿಟ್ಟುಕೊಡಬೇಕು. ಕೊಂಡವರು ಹಿತ್ತಿಲಿನಲ್ಲಿ ಕೋಣೆಗಳನ್ನು ಕಟ್ಟಿಸುವವರು. ಅಷ್ಟು ಹಳೆಯ ಪೊದೆಯನ್ನು ಕಿತ್ತು ತರುವುದು ಆಗದ ಮಾತು. ಹಾಗಾಗಿ ಮಳೆಗಾಲದಲ್ಲಿ ಐದು ಕಡ್ಡಿಗಳನ್ನು ಕೊಯ್ದು ಐದು ಕುಂಡಗಳಲ್ಲಿ ನೆಟ್ಟು, ಯಾದಗಿರಿಯ ಆ ಮನೆಯ ನಡುಕೋಣೆಯ ಕಿಟಕಿಯಲ್ಲಿ ಇರಿಸಿದರು. ಎಂಬತ್ತು ಮುಟ್ಟಿದ ಆ ಹಿರಿಯರು ಬೆಳಿಗ್ಗೆ ಒಂದು ತಂಬಿಗೆ, ಸಂಜೆ ಒಂದು ತಂಬಿಗೆ, ತಮ್ಮ ಕೈಯಿಂದಲೇ ನೀರೆರೆಯುತ್ತಿದ್ದರು. ಮೂರನೆಯ ವಾರದಲ್ಲಿ ಚಿಗುರು ಬಾಡಿತು, ಎಲೆ ಹಳದಿಯಾಯಿತು, ಕೋಣೆಯ ತುಂಬ ನೊರಜು. ಗಿಡದ ವಿಷಯ ಅಲ್ಪಸ್ವಲ್ಪ ತಿಳಿದವನೆಂಬ ಹೆಸರು ನನಗಿದ್ದುದರಿಂದ ಕರೆ ಬಂದಿತು.

ಮೊದಲು ಹುಳು ಯಾವುದೆಂಬುದನ್ನು ಖಚಿತಪಡಿಸಿಕೊಳ್ಳಬೇಕು. ಏಕೆಂದರೆ ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ. ಬಾಳೆಯ ಹಣ್ಣಿಗೆ ಮುತ್ತುವ ಹಣ್ಣುನೊಣ ಕಂದುಬಣ್ಣದ್ದು, ದುಂಡುಮೈಯದು, ಬಹುಮಟ್ಟಿಗೆ ಕಣ್ಣು ಕೆಂಪು. ಮೋರಿಯ ನೊಣದ ಮೈಮೇಲೂ ರೆಕ್ಕೆಯ ಮೇಲೂ ಪತಂಗದಂತೆ ನವಿರಾದ ರೋಮಗಳುಂಟು. ನಮ್ಮ ಬೂಷ್ಟು ನೊರಜು ಎರಡರಿಂದ ನಾಲ್ಕು ಮಿಲಿಮೀಟರ್ ಉದ್ದದ, ಕಪ್ಪಾದ, ಕೃಶವಾದ ಜೀವಿ. ಕಾಲುಗಳು ನೀಳ, ಮೀಸೆಗಳು ನೀಳ. ನೋಡುವುದಕ್ಕೆ ಒಂದು ಬಡಕಲು ಸೊಳ್ಳೆಯಂತೆ. ಭೂತಗನ್ನಡಿಯಲ್ಲಿ ನೋಡಿದರೆ ರೆಕ್ಕೆಯಲ್ಲಿ ಕವಣೆಯ ಕೋಲಿನಂತೆ ಕವಲೊಡೆದ ಒಂದು ನರ ಕಾಣುತ್ತದೆ. ಇದು ಕಚ್ಚುವುದಿಲ್ಲ, ರಕ್ತ ಹೀರುವುದಿಲ್ಲ. ಹಾರುವುದರಲ್ಲಿಯೂ ಜಾಣತನವಿಲ್ಲ, ಮಣ್ಣಿನ ಮೇಲೆ ಓಡಾಡುವುದೇ ಹೆಚ್ಚು. ಹಣ್ಣುನೊಣಕ್ಕೆ ಇಡುವ ಹುಳಿಯ ಬಟ್ಟಲನ್ನು ಇದಕ್ಕಾಗಿ ಇಟ್ಟುಕೊಂಡು ವಾರಗಟ್ಟಲೆ ಕಾದ ಮಿತ್ರರೊಬ್ಬರು ನನಗಿದ್ದಾರೆ. ಅವರಿಗೆ ಸಿಕ್ಕಿದುದು ಹಣ್ಣುನೊಣಗಳೇ.

ಹಾರಾಡುವ ನೊರಜು ಬದುಕುವುದು ಒಂದು ವಾರ, ಹೆಚ್ಚೆಂದರೆ ಹತ್ತು ದಿನ. ಅಷ್ಟರಲ್ಲಿ ಹೆಣ್ಣು ಹಸಿಮಣ್ಣಿನ ಸಂದುಗಳಲ್ಲಿ ನೂರರಿಂದ ಇನ್ನೂರರವರೆಗೆ ಮೊಟ್ಟೆಗಳನ್ನಿಡುತ್ತದೆ. ಮೂರು ನಾಲ್ಕು ದಿನಗಳಲ್ಲಿ ಮೊಟ್ಟೆಯೊಡೆದು ಹುಳು ಹೊರಬರುತ್ತದೆ. ಅದಕ್ಕೆ ಕಾಲಿಲ್ಲ, ಮೈ ನೀರಿನಂತೆ ಪಾರದರ್ಶಕ, ತಲೆ ಮಾತ್ರ ಸಾಸಿವೆಯ ತುಣುಕಿನಂತೆ ಹೊಳೆಯುವ ಕಪ್ಪು. ಹತ್ತು ಹದಿನಾಲ್ಕು ದಿನ ಮಣ್ಣಿನ ಮೇಲಿನ ಎರಡು ಮೂರು ಅಂಗುಲಗಳಲ್ಲಿಯೇ ಮೇದು ಬೆಳೆದು, ನಾಲ್ಕೈದು ದಿನ ಕೋಶದಲ್ಲಿದ್ದು, ರೆಕ್ಕೆ ಬಂದು ಎದ್ದುಬಿಡುತ್ತದೆ. ಉಷ್ಣತೆ 24 ಡಿಗ್ರಿ ಸೆಂಟಿಗ್ರೇಡಿನ ಹತ್ತಿರವಿದ್ದರೆ ಮೂರು ವಾರಗಳಲ್ಲಿ ಒಂದು ತಲೆಮಾರು ಮುಗಿದು ಇನ್ನೊಂದು ಆರಂಭವಾಗುವುದು. ನಮ್ಮ ಕಡೆಯ ಬಿರುಬೇಸಗೆಯ ಉರಿ ಇದಕ್ಕೆ ಹಿಡಿಸದು. ಮಳೆಗಾಲ ಹಾಗೂ ಚಳಿಗಾಲ ಇದರ ಸುಗ್ಗಿ. ಆದರೆ ಬೇಸಗೆಯಲ್ಲಿ ನಾವು ಕೋಣೆಯ ಕಿಟಕಿಗೆ ನೀರಿನ ಏರ್‌ಕೂಲರನ್ನು ಕೂಡಿಸಿ, ಅದರ ತಂಪುಗಾಳಿ ಬೀಸುವ ಕಡೆಯಲ್ಲಿಯೇ ಕುಂಡಗಳನ್ನು ಸಾಲಾಗಿ ಇಡುತ್ತೇವೆ. ಹೊರಗೆ 42 ಡಿಗ್ರಿ ಇದ್ದರೂ ನೊರಜಿಗೆ ನಾವೇ ಶ್ರಾವಣಮಾಸವನ್ನು ಕಲ್ಪಿಸಿಕೊಟ್ಟಂತಾಯಿತು.

ಈ ಹುಳುವಿನ ಮುಖ್ಯವಾದ ಆಹಾರ ಬೂಷ್ಟು, ಪಾಚಿ ಮತ್ತು ಕೊಳೆಯುತ್ತಿರುವ ಎಲೆ ಗೊಬ್ಬರಗಳು. ಕಾಡಿನ ನೆಲದಲ್ಲಿ ಇದೊಂದು ಉಪಯುಕ್ತವಾದ ಪ್ರಾಣಿ. ಉದುರಿದುದನ್ನು ಮಣ್ಣು ಮಾಡುವವರಲ್ಲಿ ಇದೂ ಒಂದು. ದೊಡ್ಡ ಗಿಡಕ್ಕೆ, ಗಟ್ಟಿ ಬೇರಿಗೆ, ಇದರಿಂದ ಹೇಳಿಕೊಳ್ಳುವಂತಹ ಹಾನಿಯಿಲ್ಲ. ತೊಂದರೆಯಿರುವುದು ಎಳೆಯ ಬೇರಿನಲ್ಲಿ. ಸಂಖ್ಯೆ ಹೆಚ್ಚಿದಾಗ ಇವು ಕೂದಲಿನಂತಹ ಎಳೆಬೇರುಗಳನ್ನು ಮೇಯುತ್ತವೆ. ನೆಟ್ಟ ಕಡ್ಡಿಯ ಬುಡದಲ್ಲಿ ಬೇರೊಡೆಯುವ ಮೃದುಭಾಗವನ್ನೇ ಕೊರೆಯುತ್ತವೆ. ಕೊರೆದ ಗಾಯದಲ್ಲಿ ಪಿಥಿಯಂ ಮೊದಲಾದ ಕೊಳೆರೋಗಗಳ ಬೀಜಾಣುಗಳು ಸೇರುತ್ತವೆ. ನೊರಜುಗಳೇ ಅವನ್ನು ಕುಂಡದಿಂದ ಕುಂಡಕ್ಕೆ ಸಾಗಿಸುವುದೂ ಉಂಟು. ಇದು ಮನೆಯ ಅಲಂಕಾರದ ಗಿಡಗಳ ಮಾತಷ್ಟೇ ಅಲ್ಲ. ನಮ್ಮ ಸೀಮೆಯಲ್ಲಿ ಮೆಣಸಿನಕಾಯಿ ಬೆಳೆಯುವವರು ಈಗ ತೆಂಗಿನ ನಾರಿನ ಪುಡಿ ತುಂಬಿದ ತಟ್ಟೆಗಳಲ್ಲಿ, ನೆರಳುಬಲೆಯ ಕೆಳಗೆ ಸಸಿಗಳನ್ನು ಬೆಳೆಸುವುದುಂಟು. ಅಂತಹ ಒದ್ದೆಯಾದ, ನೆರಳಾದ ಜಾಗದಲ್ಲಿ ಸಸಿಗಳು ಬುಡದಲ್ಲಿ ಕೊಳೆತು ಸಾಲುಸಾಲಾಗಿ ಒರಗಿದಾಗ ರೋಗದ ಹೆಸರನ್ನು ಎಲ್ಲರೂ ಹೇಳುವರು. ಮೇಲೆ ಓಡಾಡುತ್ತಿರುವ ಕಪ್ಪು ನೊರಜನ್ನು ಯಾರೂ ಲೆಕ್ಕಕ್ಕೆ ಹಿಡಿಯರು. ಅಣಬೆ ಬೆಳೆಯುವವರು ಮಾತ್ರ ಇದನ್ನು ಬಲ್ಲರು. ಅವರಿಗೆ ಇದು ಹಗೆ.

ಇನ್ನು ಕಾರಣದ ವಿಚಾರ. ನಾನು ಅಕ್ಕನ ಮನೆಯ ಕುಂಡಗಳ ಮಣ್ಣನ್ನು ಮುಟ್ಟಿ ನೋಡಿದೆ. ಸುರಪುರದ ಹೊಲದಿಂದ ತಂದ ಅಪ್ಪಟ ಎರೆಮಣ್ಣು, ಅರ್ಧಕ್ಕರ್ಧ ಹಸಿ ಸಗಣಿಗೊಬ್ಬರ. ಬೆರಳಿಗೆ ಹಲ್ವದಂತೆ ಅಂಟಿತು. ಮೇಲೆ ಹಸಿರು ಪಾಚಿಯ ಪದರ. ಕುಂಡದ ಕೆಳಗಿನ ತಟ್ಟೆಯಲ್ಲಿ ನೀರು ನಿಂತು ವಾಸನೆ ಹಿಡಿದಿದ್ದಿತು. ನೀರು ಹೆಚ್ಚಾಯಿತೆಂದು ನಾನು ಹೇಳಿದಾಗ ಆ ಹಿರಿಯರಿಗೆ ಕೋಪವೇ ಬಂದಿತು. “ಹೊಳೆಯಿಂದ ಕೊಡ ಹೊತ್ತು ಗಿಡ ಬದುಕಿಸಿದವಳು ನಾನು. ನೀರು ಹಾಕಿದ್ದಕ್ಕೆ ಗಿಡ ಸಾಯುತ್ತದೆಂದರೆ ಯಾರು ನಂಬಬೇಕು?” ಎಂದರು. ಈ ಮಾತಿಗೆ ಪುಸ್ತಕದಲ್ಲಿ ಉತ್ತರವಿಲ್ಲ. ನೀರೆಂಬುದು ಅಪರೂಪವಾದ ನಾಡಿನಲ್ಲಿ ನೀರೆರೆಯುವುದೇ ಪ್ರೀತಿಯ ಭಾಷೆ. ಅದನ್ನು ತಪ್ಪೆಂದು ಹೇಳುವುದಕ್ಕೆ ಬಾಯಿ ಬಾರದು.

ಸ್ವಲ್ಪ ಹೊತ್ತು ಬಿಟ್ಟು ನಾನು ಕೇಳಿದೆ: “ನಿಮ್ಮ ಹೊಲದಲ್ಲಿ ಹಿಂಗಾರಿ ಜೋಳಕ್ಕೆ ಎಷ್ಟು ಸಲ ನೀರು ಬಿಡುತ್ತಿದ್ದಿರಿ?”

ಆಕೆ ನನ್ನನ್ನು ಪಟ್ಟಣದ ಮೂಢನೆಂಬಂತೆ ನೋಡಿದರು. “ಹಿಂಗಾರಿಗೆ ಯಾರಾದರೂ ನೀರು ಬಿಡುತ್ತಾರೆಯೆ? ಬಿತ್ತಿದ ಮೇಲೆ ಮಳೆಯೂ ಬೇಕಿಲ್ಲ. ಎರೆಯ ಹೊಟ್ಟೆಯಲ್ಲಿ ಹಸಿ ಇರುತ್ತದೆ.” ಎಂದವರೇ ಕುಂಡದ ಕಡೆ ನೋಡಿ ಸುಮ್ಮನಾದರು.

ಶ್ರೋತೃಗಳೇ, ನಾನು ಹೇಳಬೇಕೆಂದಿರುವ ವಿಷಯವೆಲ್ಲ ಆ ಮಾತಿನಲ್ಲಿಯೇ ಅಡಗಿದೆ. ಎರೆಮಣ್ಣು ನುಣುಪಾದ ಜೇಡಿಯ ಕಣಗಳಿಂದ ಆದುದು. ಅದು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಬೇಸಗೆಯಲ್ಲಿ ನಮ್ಮ ಹೊಲಗಳಲ್ಲಿ ಮೊಳಕೈ ಇಳಿಯುವಂತಹ ಬಿರುಕುಗಳನ್ನು ನೀವು ಕಂಡಿರಬಹುದು. ಮಳೆಗಾಲದಲ್ಲಿ ಕುಡಿದ ನೀರನ್ನು ಅದು ತಿಂಗಳುಗಟ್ಟಲೆ ಬಿಟ್ಟುಕೊಡದೆ ಹಿಡಿದಿಟ್ಟುಕೊಳ್ಳುವುದರಿಂದಲೇ ಸೆಪ್ಟೆಂಬರ್ ಅಕ್ಟೋಬರಿನಲ್ಲಿ ಬಿತ್ತಿದ ಬಿಳಿಜೋಳ ಹನಿಮಳೆಯಿಲ್ಲದೆಯೂ ಫೆಬ್ರವರಿಯ ಹೊತ್ತಿಗೆ ತೆನೆಯಾಗಿ ಕೊಯ್ಲಿಗೆ ಬರುವುದು. ನಾಲ್ಕು ತಿಂಗಳು ಒಂದು ಬೆಳೆಯನ್ನು ಸಾಕಬಲ್ಲ ಮಣ್ಣನ್ನು ಒಂದು ಅಡಿ ಎತ್ತರದ ಕುಂಡದಲ್ಲಿ ತುಂಬಿ, ಬಿಸಿಲೂ ಗಾಳಿಯೂ ಇಲ್ಲದ ಕೋಣೆಯಲ್ಲಿಟ್ಟು, ದಿನಕ್ಕೆರಡು ತಂಬಿಗೆ ನೀರು ಹೊಯ್ದರೆ ಅದು ಒಣಗುವುದೆಂದು? ಬೇರಿಗೆ ಉಸಿರಾಡಲು ಗಾಳಿ ಸಿಗದು, ಬೂಷ್ಟು ಹುಟ್ಟುವುದು, ಬೂಷ್ಟಿನ ಹಿಂದೆ ಅದನ್ನು ತಿನ್ನುವ ನೊರಜು ಬರುವುದು. ಹೊಲದಲ್ಲಿ ಮಣ್ಣಿನ ಗುಣವನ್ನು ಇಷ್ಟು ಚೆನ್ನಾಗಿ ಬಲ್ಲ ಜನ, ಅದೇ ಮಣ್ಣು ಕುಂಡಕ್ಕೆ ಬಂದಾಗ ಅದನ್ನು ಮರೆಯುವುದು ಆಶ್ಚರ್ಯ. ಕುಂಡದಲ್ಲಷ್ಟೇ ಮರೆತಿದ್ದೇವೆಂದು ಹೇಳುವುದೂ ಕಷ್ಟ. ನಾರಾಯಣಪುರದ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಸುರಪುರ, ಶಹಾಪುರಗಳ ಕಡೆ ಎರೆಯ ಹೊಲಗಳಲ್ಲಿ ಭತ್ತ ನಿಂತಿತು. ನೀರು ಹೆಚ್ಚಾಗಿ ಬಸಿಯಲಾರದ ತಗ್ಗುಗಳಲ್ಲಿ ನೆಲ ಸವಳಾಯಿತು, ಜವಳಾಯಿತು. ಕಾಲುವೆಯ ತುದಿಯವರು ಮಾತ್ರ ನೀರು ಮುಟ್ಟಲಿಲ್ಲವೆಂದು ಕೂಗುತ್ತಲೇ ಇದ್ದಾರೆ. ಅದು ಬೇರೆಯೇ ಒಂದು ಉಪನ್ಯಾಸದ ವಿಷಯ, ಇಲ್ಲಿಗೆ ಬಿಡುತ್ತೇನೆ.

ಈಗ ಉಪಾಯಕ್ಕೆ ಬರೋಣ. ಬಹುತೇಕ ಜನ ಮೊದಲು ಹಾರುವ ನೊರಜನ್ನು ಕೊಲ್ಲಲು ಹೊರಡುವರು; ಸೊಳ್ಳೆಯ ಔಷಧವನ್ನು ಕೋಣೆಯಲ್ಲೆಲ್ಲ ಸಿಂಪಡಿಸುವರು. ಇದು ಕೊಳಾಯಿಯನ್ನು ತೆರೆದಿಟ್ಟು ನೆಲ ಒರೆಸಿದಂತೆ. ಇಂದು ಸತ್ತ ನೊರಜು ನಿನ್ನೆಯೇ ಮೊಟ್ಟೆಯನ್ನಿಟ್ಟಾಗಿದೆ. ಮೊದಲ ಕೆಲಸ ನೀರನ್ನು ತಡೆಯುವುದು. ಬೆಳೆದ ಗಿಡವಾದರೆ ಮೇಲಿನ ಎರಡು ಅಂಗುಲ ಮಣ್ಣು ಪೂರ್ಣವಾಗಿ ಒಣಗುವವರೆಗೂ ನೀರು ಹಾಕಬಾರದು. ಒಣಮಣ್ಣಿನಲ್ಲಿ ಮೊಟ್ಟೆಯೂ ಎಳೆಹುಳುವೂ ಉಳಿಯವು. ತೋರುಬೆರಳನ್ನು ಎರಡು ಗಿಣ್ಣು ಮಣ್ಣಿನಲ್ಲಿಳಿಸಿ ನೋಡುವುದು ಒಂದು ಪರೀಕ್ಷೆ. ಕುಂಡವನ್ನು ಎತ್ತಿ ಅದರ ಭಾರವನ್ನು ಕೈಗೆ ರೂಢಿಮಾಡಿಕೊಳ್ಳುವುದು ಅದಕ್ಕಿಂತ ಮೇಲಾದ ಪರೀಕ್ಷೆ. ಸೋಮವಾರ, ಗುರುವಾರ ಎಂದು ವಾರ ನೋಡಿ ನೀರು ಹಾಕುವ ಪದ್ಧತಿ ಗಡಿಯಾರಕ್ಕೆ ಒಪ್ಪುತ್ತದೆಯೇ ಹೊರತು ಗಿಡಕ್ಕಲ್ಲ. ತಟ್ಟೆಯಲ್ಲಿ ಬಸಿದ ನೀರನ್ನು ಅರ್ಧ ಗಂಟೆಯೊಳಗೆ ಚೆಲ್ಲಬೇಕು.

ಹುಳು ಇದೆಯೋ ಇಲ್ಲವೋ ಎಂಬ ಸಂಶಯವಿದ್ದರೆ ಸಿಪ್ಪೆ ತೆಗೆದ ಆಲೂಗಡ್ಡೆಯ ಒಂದು ಬಿಲ್ಲೆಯನ್ನು ಮಣ್ಣಿನ ಮೇಲೆ ಒತ್ತಿಟ್ಟು ಎರಡು ದಿನಗಳ ಮೇಲೆ ತಿರುವಿ ನೋಡಿ. ಇದ್ದರೆ ಕರಿತಲೆಯ ಬಿಳಿಹುಳುಗಳು ಅಡಿಯಲ್ಲಿ ಸೇರಿರುತ್ತವೆ. ಹಾರುವ ನೊರಜಿಗೆ ಹಳದಿ ಬಣ್ಣದ ಮೋಹ. ಹಳದಿ ಹಲಗೆಗೆ ಅಂಟು ಬಳಿದು ಮಾರುವುದುಂಟು. ಗಟ್ಟಿ ಹಳದಿ ಕಾಗದಕ್ಕೆ ಹರಳೆಣ್ಣೆ ಸವರಿಯೂ ಕೆಲಸ ಸಾಗಿಸಬಹುದು. ಅದನ್ನು ಗೋಡೆಗೆ ತೂಗುಹಾಕದೆ ಮಣ್ಣಿಗೆ ಹತ್ತಿರವಾಗಿ ಇಡಬೇಕು. ಇದರಿಂದ ನೊರಜಿನ ವಂಶ ನಾಶವಾಗುವುದೆಂದು ತಿಳಿಯಬೇಡಿ. ದಿನದಿನಕ್ಕೆ ಸಂಖ್ಯೆ ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದನ್ನು ಹೇಳುವ ಲೆಕ್ಕದ ಪುಸ್ತಕ ಅದು.

ನೀರನ್ನು ಹಿಡಿದ ಮೇಲೂ ಹುಳು ಉಳಿದರೆ ಒಂದು ಒಳ್ಳೆಯ ಮದ್ದು ಇದೆ. 1976ರಲ್ಲಿ ಇಸ್ರೇಲಿನ ನೆಗೆವ್ ಮರುಭೂಮಿಯ ಒಂದು ನಿಂತ ನೀರಿನ ಹೊಂಡದಲ್ಲಿ ಸೊಳ್ಳೆಯ ಮರಿಗಳನ್ನು ಕೊಲ್ಲುವ ಒಂದು ಸೂಕ್ಷ್ಮಾಣು ದೊರೆಯಿತು. ಅದರ ಹೆಸರು ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಇಸ್ರಾಯೆಲೆನ್ಸಿಸ್. ಬಾಯಿ ತಿರುಗದವರು ಬಿಟಿಐ ಎನ್ನಬಹುದು. ನೊರಜಿನ ಹುಳು ಇದನ್ನು ತಿಂದರೆ ಅದರ ಕರುಳು ಒಡೆದು ಸಾಯುತ್ತದೆ. ಮನುಷ್ಯರಿಗೆ, ದನಕರುಗಳಿಗೆ, ಎರೆಹುಳುವಿಗೆ ಬಾಧೆಯಿಲ್ಲ. ಪೊಟ್ಟಣದ ಮೇಲೆ ಹೇಳಿದ ಪ್ರಮಾಣದಲ್ಲಿ ನೀರಿನಲ್ಲಿ ಕಲಸಿ ಮಣ್ಣಿಗೆ ಹಾಕಬೇಕು. ಮೊಟ್ಟೆಗೂ ಕೋಶಕ್ಕೂ ಇದು ತಗಲುವುದಿಲ್ಲವಾದುದರಿಂದ ವಾರಕ್ಕೊಮ್ಮೆಯಂತೆ ಮೂರು ನಾಲ್ಕು ವಾರ ಬಿಡದೆ ಹಾಕಬೇಕು. ಅಂಗಡಿಯಲ್ಲಿ ಬರಿದೆ ‘ಬಿಟಿ’ ಎಂದು ಕೇಳಿದರೆ ಹತ್ತಿ, ತೊಗರಿಗಳ ಕಾಯಿಕೊರಕಕ್ಕೆ ಹೊಡೆಯುವ ಕುರ್ಸ್ಟಾಕಿ ಎಂಬ ಬೇರೊಂದು ಬಗೆಯನ್ನು ಕೊಟ್ಟುಬಿಡುವರು. ಅದು ನೊರಜಿಗೆ ನಾಟದು. ನಾನೇ ಒಮ್ಮೆ ಮೋಸಹೋದೆ. ಚೀಟಿಯನ್ನು ಓದದುದು ನನ್ನ ತಪ್ಪು.

ಬೇವಿನ ಎಣ್ಣೆಯ ನೀರಿನಿಂದ ಕೆಲಮಟ್ಟಿಗೆ ಉಪಯೋಗವುಂಟು. ಬೇವಿನ ಹಿಂಡಿಯನ್ನು ಹಸಿಯಾಗಿ ಮೇಲೆ ಉದುರಿಸಿದರೆ ಅದಕ್ಕೇ ಬೂಷ್ಟು ಹಿಡಿದು ಹಾನಿಯಾಗುವುದನ್ನೂ ಕಂಡಿದ್ದೇನೆ. ದಾಲ್ಚಿನ್ನಿಯ ಪುಡಿ, ಕಾಫಿಯ ಗಸಿ, ಇವುಗಳ ಮಹಿಮೆಯನ್ನು ಹೇಳುವವರು ಬಹಳ. ಕಾಫಿಯ ಗಸಿಯ ಮೇಲೆ ಬೂಷ್ಟು ಎಷ್ಟು ಸೊಂಪಾಗಿ ಬೆಳೆಯುತ್ತದೆಂಬುದನ್ನು ಅವರು ನೋಡಿದಂತಿಲ್ಲ.

ಅಕ್ಕನ ಮನೆಯಲ್ಲಿ ನನಗಿದ್ದ ಕಷ್ಟವೆಂದರೆ, ಅವು ಬೆಳೆದ ಗಿಡಗಳಲ್ಲ, ಬೇರು ಬಿಡುತ್ತಿದ್ದ ಕಡ್ಡಿಗಳು. ಮಣ್ಣನ್ನು ಪೂರ್ಣವಾಗಿ ಒಣಗಿಸಿದರೆ ಹುಳುವಿನೊಡನೆ ಕಡ್ಡಿಯೂ ಸಾಯುವುದು. ಕುಂಡಗಳನ್ನು ಮಗುಚಿದೆವು. ಎರಡು ಕಡ್ಡಿಗಳ ಬುಡ ಆಗಲೇ ಕಪ್ಪಾಗಿ ಮೆತ್ತಗಾಗಿದ್ದಿತು. ಅವನ್ನು ಮಣ್ಣುಸಹಿತ ಚೀಲದಲ್ಲಿ ಕಟ್ಟಿ ಹೊರಗೆ ಸಾಗಿಸಿದೆವು. ಉಳಿದ ಮೂರನ್ನು ನೀರಿನಲ್ಲಿ ಅಲುಗಿಸಿ ತೊಳೆದೆವು. ಬೇರುಗಳು ದಾರದೆಳೆಯಂತೆ ಇದ್ದುವು, ಒಂದರಲ್ಲಿ ಎರಡೇ. ದಪ್ಪ ಮರಳು ಎರಡು ಪಾಲು, ಚೆನ್ನಾಗಿ ಕಳಿತ ಗೊಬ್ಬರ ಒಂದು ಪಾಲು, ಬಿಸಿಲಿಗೆ ಹರಡಿ ಒಣಗಿಸಿ, ಸಣ್ಣ ಮಣ್ಣಿನ ಕುಂಡಗಳಲ್ಲಿ ತುಂಬಿ ನೆಟ್ಟೆವು. ಮೆರುಗು ಹಚ್ಚದ ಮಣ್ಣಿನ ಕುಂಡದ ಮೈಯಿಂದಲೂ ನೀರು ಆರುತ್ತದೆ, ಪ್ಲಾಸ್ಟಿಕ್ಕಿನದರಿಂದ ಆರುವುದಿಲ್ಲ. ಕುಂಡಗಳನ್ನು ಕೋಣೆಯಿಂದ ತೆಗೆದು, ಗಾಳಿಯಾಡುವ ಮೊಗಸಾಲೆಯಲ್ಲಿ ಬೆಳಗಿನ ಬಿಸಿಲು ತಾಗುವಂತೆ ಇರಿಸಿದೆವು. ನೀರನ್ನು ಮೇಲಿನಿಂದ ಎರೆಯದೆ, ಹತ್ತು ನಿಮಿಷ ತಟ್ಟೆಯಲ್ಲಿ ನಿಲ್ಲಿಸಿ ಕೆಳಗಿನಿಂದ ಕುಡಿಸಿ, ಮಿಕ್ಕುದನ್ನು ಚೆಲ್ಲುವುದೆಂದು ಗೊತ್ತುಮಾಡಿದೆವು. ಬಿಟಿಐಯ ನೀರು ವಾರಕ್ಕೊಮ್ಮೆ. ಹಳದಿ ಕಾಗದದ ಮೇಲೆ ಮೊದಲ ದಿನ ಮೂವತ್ತೊಂದು ನೊರಜು ಸಿಕ್ಕಿದುವು. ಮೂರನೆಯ ವಾರದ ಕೊನೆಗೆ ನಾಲ್ಕು. ಐದನೆಯ ವಾರದಲ್ಲಿ ಒಂದೂ ಇಲ್ಲ. ನಡುವೆ ಎರಡು ಬೇರಿನ ಆ ಕಡ್ಡಿ ಒಣಗಿತು. ಅದಕ್ಕೆ ಔಷಧವಿರಲಿಲ್ಲ.

ದಸರೆ ಮುಗಿಯಿತು, ಸುರಪುರದ ಮನೆಯ ಬೀಗದಕೈ ಕೈಬದಲಾಯಿತು. ಹಿತ್ತಿಲಿನ ಪೊದೆ ಈಗ ಇಲ್ಲ. ಮೊಗಸಾಲೆಯಲ್ಲಿ ಎರಡು ಕುಂಡಗಳಿವೆ. ಕಳೆದ ಚೈತ್ರದಲ್ಲಿ ಒಂದರಲ್ಲಿ ಏಳು ಮೊಗ್ಗು ಬಂದಿದ್ದುವು. ಆ ಹಿರಿಯರು ಈಗ ತಂಬಿಗೆಯನ್ನು ದೂರವಿಟ್ಟು ಮೊದಲು ಕುಂಡವನ್ನು ಎರಡೂ ಕೈಗಳಿಂದ ಎತ್ತಿ, ಜೋಳದ ಸೇರನ್ನು ತೂಗುವಂತೆ ತೂಗಿ ನೋಡುವರು. ಭಾರವಾಗಿದ್ದರೆ ಹಾಗೆಯೇ ಇಳಿಸಿ, ತಂಬಿಗೆಯ ನೀರನ್ನು ಒಳಗೆ ಒಯ್ದು ಕೊಡಕ್ಕೆ ಸುರಿಯುವರು.